1910ರ ಪ್ರಾಚೀನ ಸೇತುವೆ

ಬೆಲ್ಜಿಯಂನ ಬ್ರೂಜ್‌ನಲ್ಲಿ ಒಂದು ಪುಟ್ಟ ಕಲ್ಲಿನ ಸೇತುವೆ ಇದೆ, ಬೋನಿಫೇಸಿಯಸ್ ಸೇತುವೆ ಅಂತ. ದೊಡ್ಡ ಚರ್ಚಿನ ಹಿಂದೆ, ಕೆಳಗೆ ಕಾಲುವೆ, ಪಕ್ಕದಲ್ಲಿ ಇಟ್ಟಿಗೆ ಗೋಡೆ, ಅದರ ಮೇಲೆ ಬಳ್ಳಿ. ನೋಡಿದ ತಕ್ಷಣ ಯಾವನೋ ಸನ್ಯಾಸಿ ಲಾಂದ್ರ ಹಿಡ್ಕೊಂಡು ಈಗಷ್ಟೇ ದಾಟಿ ಹೋದ್ನೇನೋ ಅನ್ನಿಸ್ಬೇಕು, ಹಾಗಿದೆ. ಅದರ ಮೇಲೆ ಫೋಟೋ ತೆಗೆಸ್ಕೊಳಕ್ಕೆ ನಾನು ನನ್ ಹೆಂಡ್ತಿ ಇಪ್ಪತ್ತೈದು ನಿಮಿಷ ಕ್ಯೂ ನಿಂತ್ವಿ, ಮುಂದೆ ಒಂದು ಹನಿಮೂನ್ ಜೋಡಿ, ಅವರು ಮೂರು ಸಲ ಜಾಕೆಟ್ ಬದಲಾಯಿಸಿದ್ರು, ಹಿಂದೆ ಟೂರ್ ಗ್ರೂಪು, ಎಲ್ರ ಕಿವೀಲೂ ಇಯರ್‌ಫೋನು, ಕೈಯಲ್ಲಿ ಕೊಡೆ ಎತ್ತಿದ ಗೈಡು. ನಮ್ಮ ಸರದಿ ಬಂತು, ಕಲ್ಲಿನ ಕಟ್ಟೆ ಮೇಲೆ ಕೈ ಇಟ್ಟು "ಎಷ್ಟು ಶತಮಾನ ನೋಡಿರಬೇಕು ಈ ಕಲ್ಲು" ಅಂತ ನಾನು ಭಾವುಕನಾದೆ. ಬ್ರಸೆಲ್ಸ್‌ನಲ್ಲಿ ಕೆಲಸಕ್ಕಿರೋ ನನ್ನ ಭಾಮೈದ ಕ್ಯಾಮೆರಾ ಇಳಿಸ್ದೇನೇ ಹೇಳಿದ, "ಒಂದು ನೋಡಿದೆ ಭಾವ, ಕಟ್ಟಿದ್ದು 1910ರಲ್ಲಿ".

1910! ನಮ್ಮ ಬೆಂಗಳೂರಿನ ಟಾಟಾ ಇನ್ಸ್‌ಟಿಟ್ಯೂಟ್ ಶುರುವಾಗಿದ್ದು 1909. ಅಂದ್ರೆ ಯಶವಂತಪುರಕ್ಕೆ ಹೋಗೋ ಬಸ್ಸಿನ ಕಿಟಕೀಲಿ ದಿನಾ ಇದಕ್ಕಿಂತ ಒಂದು ವರ್ಷ ಪ್ರಾಚೀನವಾದ ಸಂಸ್ಥೆ ನೋಡ್ತಿದ್ದೆ, ಒಂದು ಸಲಾನೂ ಭಾವುಕ ಆಗಿರ್ಲಿಲ್ಲ.

ಆಮೇಲೆ ನನಗೆ ಎಲ್ಲದರ ಮೇಲೂ ಡೌಟು. ಮಾರ್ಕ್ಟ್ ಅಂತ ಊರಿನ ದೊಡ್ಡ ಚೌಕ ಇದೆ, ಅದರ ಒಂದು ಪಕ್ಕ ಮೊನಚು ಗೋಪುರಗಳ ಭರ್ಜರಿ ಕಟ್ಟಡ, ರಾಜ ಮಹಾರಾಜರ ಕಾಲದ್ದು ಅಂದ್ಕೊಂಡು ಎಲ್ರೂ ಬಾಯಿ ಬಿಟ್ಕೊಂಡು ನೋಡ್ತಾರೆ, ಅದು ನಮ್ಮ ಜಿಲ್ಲಾಡಳಿತದ ಕಚೇರಿ ಥರದ್ದಕ್ಕೆ ಅಂತ ಕಟ್ಟಿಸಿದ್ದು, ಕೆಲಸ ಶುರುವಾಗಿದ್ದು 1887ರಲ್ಲಿ. ಬೆಲ್‌ಫ್ರಿ ಅಂತ 83 ಮೀಟರಿನ ಗಂಟೆ ಗೋಪುರ ಇದೆಯಲ್ಲ, ಅದು ನಿಜವಾಗ್ಲೂ ಹಳೇದು, 366 ಮೆಟ್ಟಿಲು, 47 ಗಂಟೆ, ಸ್ವಲ್ಪ ವಾಲಿದೆ ಕೂಡ. ಅದರ ತುದೀಲಿದ್ದ ಮರದ ಶಿಖರ 1741ರಲ್ಲಿ ಸುಟ್ಟುಹೋಯ್ತು, ಆಮೇಲೆ ಕಟ್ಟಲೇ ಇಲ್ಲ. ಅಂದ್ರೆ ಹಳೇದನ್ನ ಹಂಗೇ ಬಿಟ್ರು, ಹೊಸದನ್ನ ಹಳೇದು ಮಾಡಿದ್ರು.

ಇದಕ್ಕೊಂದು ಕಾರಣ ಇದೆ, ಬಡತನ. ಒಂದು ಕಾಲಕ್ಕೆ ಬ್ರೂಜ್ ಅಂದ್ರೆ ಯುರೋಪಿನ ಸಂತೆ, ಉಣ್ಣೆ ಬಟ್ಟೆ ಮಸಾಲೆ ಎಲ್ಲಾ ಅಲ್ಲೇ ಕೈ ಬದಲಾಗೋದು. ಸಮುದ್ರಕ್ಕೆ ದಾರಿ ಝ್ವಿನ್ ಅನ್ನೋ ಕೊಲ್ಲಿ, ಅದರಲ್ಲಿ ಹೂಳು ತುಂಬ್ತಾ ಬಂತು, 1500ರ ಹೊತ್ತಿಗೆ ವ್ಯಾಪಾರಿಗಳು ಗಂಟುಮೂಟೆ ಕಟ್ಕೊಂಡು ಆಂಟ್‌ವರ್ಪ್‌ಗೆ ಹೊರಟ್ರು. ಊರು ಮುನ್ನೂರು ವರ್ಷ ಹಂಗೇ ಮಲ್ಕೊಂತು. ಕೈಯಲ್ಲಿ ದುಡ್ಡಿದ್ದಿದ್ರೆ ಅವರೂ ಹಳೇ ಮನೆ ಒಡೆದು ನಾಲ್ಕು ಫ್ಲೋರ್ ಎತ್ತಿರೋರು, ದುಡ್ಡಿರ್ಲಿಲ್ಲ, ಹಂಗಾಗಿ ಪರಂಪರೆ ಉಳೀತು. ಆಮೇಲೆ 19ನೇ ಶತಮಾನದಲ್ಲಿ ವಾಟರ್‌ಲೂ ಯುದ್ಧಭೂಮಿ ನೋಡಕ್ಕೆ ಬಂದ ಇಂಗ್ಲಿಷಿನವರು ಆಹಾ ಎಂಥಾ ಹಳೇ ಊರು ಅಂದ್ರು. ಅಷ್ಟೇ ಸಾಕಾಯ್ತು. ಬಂದವರಿಗೆ ಹಳೇದೇ ಬೇಕು ಅಂದ್ಮೇಲೆ ಇನ್ನೊಂದಿಷ್ಟು ಹಳೇದು ಮಾಡೋಣ ಅಂತ ಶುರು ಹಚ್ಕೊಂಡ್ರು, 2000ದಲ್ಲಿ ಯುನೆಸ್ಕೋ ಸರ್ಟಿಫಿಕೇಟೂ ಬಂತು.

ನನಗೆ ಜಾಸ್ತಿ ನಗು ಬಂದಿದ್ದು ಮಾರ್ಕ್ಟ್ ಮಧ್ಯದ ವಿಗ್ರಹದ ಹತ್ರ. ಅಲ್ಲಿ ಇಬ್ಬರು ವೀರರು ನಿಂತಿದಾರೆ, ಯಾನ್ ಬ್ರೆಯ್ಡೆಲ್, ಪೀಟರ್ ಡಿ ಕೋನಿಂಕ್. 1302ರ ಮೇ 18ರ ಬೆಳಗಿನ ಜಾವ ಈ ಊರವರು ಫ್ರೆಂಚರ ಮೇಲೆ ಬಿದ್ರು. ಕತ್ತಲಲ್ಲಿ ಯಾರು ನಮ್ಮವನು ಯಾರು ಫ್ರೆಂಚಿನವನು ಗೊತ್ತಾಗ್ಬೇಕಲ್ಲ, ಅದಕ್ಕೆ ಕತ್ತಿ ಕುತ್ತಿಗೆಗಿಟ್ಟು "ಸ್ಖಿಲ್ಡ್ ಎನ್ ವ್ರೀಂಡ್" ಅನ್ನು ಅಂದ್ರಂತೆ, ಗುರಾಣಿ ಮತ್ತು ಗೆಳೆಯ ಅಂತ ಅರ್ಥ. ಆ ಗಂಟಲಿನ ಖಕಾರ ಫ್ರೆಂಚರ ನಾಲಿಗೆಗೆ ಬರಲ್ಲ, ತಪ್ಪು ಹೇಳಿದವನ ಕತೆ ಅಲ್ಲಿಗೆ ಮುಗೀತು. ನನ್ ಹೆಂಡ್ತಿ ಕೇಳಿ ಥಂಡಾ ಹೊಡೆದ್ಲು. ನನಗೆ ಮಾತ್ರ ನಮ್ಮೂರಲ್ಲಿ ಈ ಪರೀಕ್ಷೆ ಇಟ್ರೆ ಏನಾಗ್ತಿತ್ತು ಅನ್ನೋ ಯೋಚನೆ. ಬಾಳೆಹಣ್ಣು ಅನ್ನು ನೋಡೋಣ ಅಂದ್ರೆ ಹೊರಗಿನವರು ಹಾಗಿರ್ಲಿ, ಹಾಲಿಗೆ ಆಲು ಅನ್ನೋ ನಮ್ಮ ನ್ಯೂಸ್ ಆಂಕರುಗಳೇ ಮೊದಲ ಸಾಲಲ್ಲಿ ಉರುಳೋರು.

ಸರಿ, ಈಗ ವಿಷಯಕ್ಕೆ ಬರ್ತೀನಿ. ಉಚ್ಚಾರಣೆಗೋಸ್ಕರ ಫ್ರೆಂಚರ ಕತ್ತು ಕತ್ತರಿಸಿದ ಈ ಊರಿನ ಹೆಸರು ಅಲ್ಲಿನ ಭಾಷೇಲಿ ಬ್ರುಖೆ, ಗಂಟಲಲ್ಲಿ ಮೀನಿನ ಮುಳ್ಳು ಸಿಕ್ಕಂಗೆ ಹೇಳ್ಬೇಕು. ಬ್ರೂಜ್ ಅನ್ನೋದು ಫ್ರೆಂಚ್ ಹೆಸರು! ಇಡೀ ಪ್ರಪಂಚ ಬಂದು ಆ ವಿಗ್ರಹದ ಕಾಲಡಿ ಕೂತು ಫ್ರೈಸ್ ತಿನ್ಕೊಂಡು ಬ್ರೂಜ್ ಬ್ರೂಜ್ ಅಂತದೆ, ಆ ಇಬ್ಬರು ವೀರರು ಮೇಲಿಂದ ನೋಡ್ತಾನೇ ಇದಾರೆ, ಯಾರ ಕುತ್ತಿಗೆಗೂ ಕತ್ತಿ ಇಲ್ಲ. ಕಾರ್ಡ್ ಮಶೀನು ಪಿಕ್ ಅಂದ್ರೆ ಸಾಕು, ನೀನು ನಮ್ಮವನೇ.

ಅಲ್ಲಿನ ಕಾಲುವೆಗಳಲ್ಲಿ ತೇಲೋ ಹಂಸಗಳಿಗೂ ಒಂದು ಕತೆ ಇದೆ. 1488ರಲ್ಲಿ ಊರವರು ಆಗ ತಮ್ಮನ್ನ ಆಳ್ತಿದ್ದ ಆಸ್ಟ್ರಿಯಾದ ಮ್ಯಾಕ್ಸಿಮಿಲಿಯನ್‌ನ ಹಿಡಿದು ಕೂಡಿಹಾಕಿ ಅವನ ಕಡೆಯ ಪೀಟರ್ ಲಾಂಖಾಲ್ಸ್ ಅನ್ನೋ ಅಧಿಕಾರಿಯ ತಲೆ ತೆಗೆದ್ರು. ಆ ಹೆಸರಿನ ಅರ್ಥ ಉದ್ದ ಕುತ್ತಿಗೆ. ಆಮೇಲೆ ಮ್ಯಾಕ್ಸಿಮಿಲಿಯನ್ ಹಾಕಿದ ಶಿಕ್ಷೆ ಏನಪ್ಪಾ ಅಂದ್ರೆ, ಇನ್ಮೇಲೆ ನೀವು ಉದ್ದ ಕುತ್ತಿಗೆಯವರನ್ನ ಶಾಶ್ವತವಾಗಿ ಸಾಕ್ಬೇಕು. ಹಿಂಗಂತ ದಂತಕತೆ. ಇಂಥ ಶಿಕ್ಷೆ ನಮ್ಮ ಕೆರೆಗಳಿಗೂ ಯಾರಾದ್ರೂ ಹಾಕಿದ್ರೆ ಚೆನ್ನಾಗಿತ್ತು ಅನ್ನಿಸ್ತು. ಹಂಸ ಬದುಕ್ಬೇಕಂದ್ರೆ ನೀರು ಬೇಕಲ್ಲ.

ಇನ್ನು ಬಿಯರು. ಊರೊಳಗೆ ಹಾಫ್ ಮೂನ್ ಅಂತ ಅರ್ಥ ಬರೋ ಹೆಸರಿನ ಒಂದು ಹಳೇ ಬ್ರೂವರಿ ಇದೆ, ಬಾಟ್ಲಿ ತುಂಬಿಸೋ ಫ್ಯಾಕ್ಟರಿ ಊರಾಚೆ. ಟ್ಯಾಂಕರ್ ಲಾರಿಗಳು ಓಡಾಡಿದ್ರೆ ಪ್ರಾಚೀನತೆ ಕೆಡುತ್ತೆ ಅಂತ 2016ರಲ್ಲಿ ನೆಲದಡಿ ಸುಮಾರು ಮೂರು ಕಿಲೋಮೀಟರ್ ಬಿಯರ್ ಪೈಪ್‌ಲೈನ್ ಹಾಕಿದ್ರು, ಜನಾನೂ ಚಂದಾ ಎತ್ತಿ ಕೊಟ್ರು, ಜಾಸ್ತಿ ಕೊಟ್ಟವರಿಗೆ ಜೀವನಪೂರ್ತಿ ದಿನಕ್ಕೊಂದು ಬಾಟ್ಲಿ. ಅಗೆದ ರಸ್ತೆ ಮುಚ್ಚಿದ್ರಂತೆ. ಇಲ್ಲಿವರೆಗೂ ಎಲ್ಲಾ ನಂಬಿದ ನನ್ ಹೆಂಡ್ತಿ ಇದೊಂದನ್ನ ಮಾತ್ರ ನಂಬಲಿಲ್ಲ. ನಮ್ಮ ಏರಿಯಾಗೆ ಕಾವೇರಿ ನೀರು ದಿನ ಬಿಟ್ಟು ದಿನ, ಅದೂ ರಾತ್ರಿ ಎರಡು ಗಂಟೆಗೆ.

ನೀರು ಅಂದ್ಮೇಲೆ ನೆನಪಾಯ್ತು, ಮಧ್ಯಾಹ್ನ ಊಟಕ್ಕೆ ಕೂತ ಹೋಟೆಲಲ್ಲಿ ನಲ್ಲಿ ನೀರು ಕೊಡಪ್ಪಾ ಅಂದಿದ್ದಕ್ಕೆ ವೇಟರ್ ನಾನೇನೋ ಅವನ ಕಿಡ್ನಿ ಕೇಳ್ದಂಗೆ ನೋಡ್ದ. ಬಾಟ್ಲಿ ನೀರು ತಗೊಂಡ್ವಿ, ಕುಡಿದ್ವಿ, ಅದನ್ನ ಹೊರಗೆ ಹಾಕಕ್ಕೆ ಟಾಯ್ಲೆಟ್ಟಿಗೆ ಚಿಲ್ಲರೆ ಕೊಟ್ವಿ. ಬ್ರಸೆಲ್ಸ್‌ನಲ್ಲಿ ಉಚ್ಚೆ ಹೊಯ್ಯೋ ಹುಡುಗನ ವಿಗ್ರಹ ಮಾಡಿ ಅವನಿಗೆ ಹಬ್ಬಕ್ಕೊಂದು ಬಟ್ಟೆ ಹಾಕಿ ಮೆರೆಸೋ ದೇಶ ಇದು, ಅವನೊಬ್ಬನಿಗೆ ಮಾತ್ರ ಫ್ರೀ. ಹೆಂಡ್ತಿ ಅಲ್ಲೇ ಒಂದು ಅಂಗಡೀಲಿ ಬ್ರೂಜಿನ ಲೇಸು ಅಂತ ಟೇಬಲ್ ಕ್ಲಾತ್ ತಗೊಂಡ್ಲು, ಕೈಯಲ್ಲೇ ಹೆಣೆದಿದ್ದು ಅಂದಿದ್ರಂತೆ, ರೂಮಿಗೆ ಬಂದು ಮಡಿಕೆ ಬಿಚ್ಚಿದಾಗ ಒಳಗಡೆ ಮೇಡ್ ಇನ್ ಚೈನಾ. ಇರ್ಲಿ, ಚೀನಾದಲ್ಲೂ ಕೈ ಇರುತ್ತಲ್ಲ.

ಬೆಳಿಗ್ಗೆ ಬಂದು ಫೋಟೋ ಹೊಡ್ಕೊಂಡು ಸಂಜೆ ಹೋಗೋ ನಮ್ಮಂಥವರು ಅಲ್ಲಿನವರಿಗೆ ಈಗ ತಲೆನೋವು. 2019ರಲ್ಲಿ ಅಲ್ಲಿನ ಮೇಯರು ಊರು ಡಿಸ್ನಿಲ್ಯಾಂಡ್ ಆಗೋದು ಬೇಡ, ಒನ್ ಡೇ ಟ್ರಿಪ್ಪಿಗೆ ಬನ್ನಿ ಅಂತ ಜಾಹೀರಾತು ಕೊಡೋದು ನಿಲ್ಲಿಸ್ತೀವಿ, ಹತ್ತಿರದ ಬಂದರಿಗೆ ಬರೋ ಪ್ರವಾಸಿ ಹಡಗುಗಳನ್ನೂ ಕಮ್ಮಿ ಮಾಡ್ತೀವಿ ಅಂದ್ರು. ಸಾರ್, ಬಣ್ಣ ಬಳಿದು ಬಾಗಿಲಲ್ಲಿ ನಿಲ್ಲಿಸಿ ಕರೆದವರು ಯಾರು? ಹಾಗಂತ ನಾವೇನು ಕಮ್ಮಿ ಇಲ್ಲ, ಮಾರ್ಕ್ಟ್‌ನಲ್ಲಿ ನಿಂತ್ಕೊಂಡು "ಛೇ, ಎಷ್ಟೊಂದು ಟೂರಿಸ್ಟ್‌ಗಳು" ಅಂತ ಮೂಗು ಮುರೀತಿದ್ದೆ, ಕುತ್ತಿಗೇಲಿ ಕ್ಯಾಮೆರಾ ನೇತಾಡ್ತಿತ್ತು.

ಸಂಜೆ ಟ್ರೈನಲ್ಲಿ ಭಾಮೈದ ಹೇಳಿದ, ಸೇತುವೆ ಪಕ್ಕದ ಆ ಚರ್ಚಿನ ಒಳಗೆ ಮೈಕೆಲ್ಯಾಂಜೆಲೋ ಸ್ವತಃ ಕೆತ್ತಿದ ಮೇರಿ ಮತ್ತು ಮಗುವಿನ ಅಮೃತಶಿಲೆ ವಿಗ್ರಹ ಇದೆಯಂತೆ. 1794ರಲ್ಲಿ ಫ್ರೆಂಚರು ಹೊತ್ಕೊಂಡು ಹೋದ್ರು, ವಾಪಸ್ ಬಂತು, 1944ರಲ್ಲಿ ಜರ್ಮನ್ನರು ಹಾಸಿಗೇಲಿ ಸುತ್ಕೊಂಡು ಹೋದ್ರು, ಆಸ್ಟ್ರಿಯಾದ ಉಪ್ಪಿನ ಗಣೀಲಿ ಸಿಕ್ತು, ಮತ್ತೆ ವಾಪಸ್ ಬಂತು. "ಮೊದಲೇ ಹೇಳೋದಲ್ವೇನೋ" ಅಂದೆ. "ನೀವು ಕ್ಯೂನಲ್ಲಿದ್ರಿ ಭಾವ" ಅಂದ. ಎರಡೆರಡು ಸೈನ್ಯ ಬಂದು ಆ ವಿಗ್ರಹ ಕದ್ದಿದೆ, ಸೇತುವೆ ಕಡೆ ಯಾವ ಕಳ್ಳನೂ ತಿರುಗಿ ನೋಡಿಲ್ಲ.

ಅಷ್ಟರಲ್ಲಿ ಹೆಂಡ್ತಿ ಫ್ಯಾಮಿಲಿ ಗ್ರೂಪಿಗೆ ಸೇತುವೆ ಫೋಟೋ ಹಾಕಿ ಆಗಿತ್ತು. ಕೆಳಗೆ ಮೊದಲ ಮೆಸೇಜು ನಮ್ಮ ದೊಡ್ಡಪ್ಪಂದು. ಊರಿನ ಹೊಯ್ಸಳರ ಕಾಲದ ದೇವಸ್ಥಾನದ ಜೀರ್ಣೋದ್ಧಾರ ಕಮಿಟಿಗೆ ಇವರೇ ಅಧ್ಯಕ್ಷರು, ಹೋದ ವರ್ಷ ಮುಂದೆ ನಿಂತು ಗರ್ಭಗುಡಿಗೆ ಬಾತ್‌ರೂಮ್ ಟೈಲ್ಸ್ ಹಾಕಿಸಿ ಕಂಬಗಳಿಗೆ ಬಂಗಾರದ ಬಣ್ಣದ ಪೇಂಟ್ ಹೊಡೆಸಿದ್ರು. ಅವರು ಬರೆದಿದ್ರು: "ನೋಡ್ರಪ್ಪಾ, ಎಷ್ಟು ಶತಮಾನದ ಸೇತುವೆ, ಒಂದು ಕಲ್ಲೂ ಅಲ್ಲಾಡದಂಗೆ ಉಳಿಸ್ಕೊಂಡಿದಾರೆ. ನಮ್ಮವರಿಗೆ ಹಳೇದರ ಬೆಲೆ ಗೊತ್ತಿಲ್ಲ."

ನಾನು ಎರಡು ಕೈ ಮುಗಿಯೋ ಇಮೋಜಿ ಹಾಕ್ದೆ.