ಕುದುರೆ ಮೇಲೊಬ್ಬ ಯೋಧ, ಹೆಸರು ಕೇಳಬೇಡಿ

ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನುವ ಗಾದೆ ನಮ್ಮದೇ ಇರಬಹುದು. ಆದರೆ ಅದನ್ನು ಕಂಚಿನಲ್ಲಿ ಎರಕ ಹೊಯ್ದು ಊರ ನಡುವೆ ನಿಲ್ಲಿಸಿದ ಕೀರ್ತಿ ಮ್ಯಾಸಿಡೋನಿಯಾ ದೇಶಕ್ಕೇ ಸಲ್ಲಬೇಕು. ಈಗ ಅದು ಉತ್ತರ ಮ್ಯಾಸಿಡೋನಿಯಾ. ಆ ‘ಉತ್ತರ’ದ ಕತೆ ಆಮೇಲೆ ಹೇಳ್ತೀನಿ.

1991ರಲ್ಲಿ ಯುಗೊಸ್ಲಾವಿಯಾದಿಂದ ಬೇರೆಯಾದ ದೇಶ ಇದು. ಆಗ ಜನ ಸುಮಾರು 20 ಲಕ್ಷ, ಅಂದ್ರೆ ನಮ್ಮ ಒಂದು ಜಿಲ್ಲೆಯಷ್ಟು. ಕಮ್ಯುನಿಸ್ಟ್ ಕಾಲದ ಕಾರ್ಖಾನೆಗಳು ಎಷ್ಟೋ ಬಾಗಿಲು ಹಾಕಿದ್ದವು. ಕೆಲಸ ಬೇಕು ಅನ್ನುವ ಮೂವರಲ್ಲಿ ಒಬ್ಬರಾದರೂ ಮನೆಯಲ್ಲೇ ಕೂತಿದ್ದರು. 2006ರಲ್ಲಿ ನಿಕೋಲಾ ಗ್ರುಯೆವ್‌ಸ್ಕಿ ಪ್ರಧಾನಿಯಾದರು. ಅರ್ಥಶಾಸ್ತ್ರ ಓದಿದವರು, ಹಣಕಾಸು ಮಂತ್ರಿಯಾಗಿ ಪಳಗಿದವರು. ತೆರಿಗೆಯನ್ನು 10%ಗೆ ಇಳಿಸಿ, ಬನ್ನಿ ಬಂಡವಾಳ ಹಾಕಿ ಅಂತ ವಿದೇಶಿ ಪತ್ರಿಕೆಗಳಲ್ಲಿ ಜಾಹೀರಾತು ಕೊಟ್ಟರು. ಅಲ್ಲಿಗೆ ಎಲ್ಲ ಸರಿ ಇತ್ತು.

2010ರ ಫೆಬ್ರುವರಿಯಲ್ಲಿ ಒಂದು ವಿಡಿಯೋ ಬಿಟ್ಟರು ನೋಡಿ, ‘ಸ್ಕೋಪಿಯೆ 2014’ ಅಂತ. ಸ್ಕೋಪಿಯೆ ಅವರ ರಾಜಧಾನಿ, ಮದರ್ ತೆರೇಸಾ ಹುಟ್ಟಿದ ಊರು. ಅದಕ್ಕೆ ಹೊಸ ವೇಷ ತೊಡಿಸುವ ಯೋಜನೆ ಇದು. ಖರ್ಚು 8 ಕೋಟಿ ಯೂರೋ ಅಂದರು. ಕೆಲವೇ ವರ್ಷಗಳಲ್ಲಿ ಪತ್ರಕರ್ತರು ಕೂತು ಲೆಕ್ಕ ಹಾಕಿದರೆ 50 ಕೋಟಿ ಯೂರೋ ದಾಟಿಹೋಗಿತ್ತು. ಮನೆ ಕಟ್ಟಿಸಿದವರಿಗೆ ಇದೇನೂ ಹೊಸದಲ್ಲ ಬಿಡಿ, ಅಂದಾಜು ಯಾವತ್ತೂ ಮೇಸ್ತ್ರಿ ಮಾತೇ. ಆದ್ರೆ ಮನೆ ಕಟ್ಟಿದ ಮೇಲೆ ನಾವು ಅದರೊಳಗೆ ವಾಸ ಮಾಡ್ತೀವಿ.

ಇಲ್ಲಿ ವಾಸಕ್ಕೆ ಬಂದವು ಪ್ರತಿಮೆಗಳು. ರಾಜರು, ಸಂತರು, ಕ್ರಾಂತಿಕಾರಿಗಳು, ಸಿಂಹಗಳು, ಕುದುರೆಗಳು. ಒಂದು ಸೇತುವೆಯ ಮೇಲಂತೂ ಎರಡೂ ಕಡೆ ಸಾಲಾಗಿ ನಿಂತಿದ್ದಾರೆ, ಮದುವೆ ಮನೆಯ ಬಾಗಿಲಲ್ಲಿ ಬೀಗರು ನಿಂತ ಹಾಗೆ. ಊರ ನಡುವೆ ಒಂದು ವಿಜಯದ್ವಾರ. ಯಾವ ಯುದ್ಧ ಗೆದ್ದಿದ್ದಕ್ಕೆ ಅಂತ ಕೇಳಬಾರದು. ಸಂಸತ್ತಿನ ಹತ್ತಿರ ಪ್ರೊಮೀಥಿಯಸ್‌ನನ್ನು ನಿಲ್ಲಿಸಿದರು, ಗ್ರೀಕ್ ಪುರಾಣದಲ್ಲಿ ಬೆಂಕಿ ಕದ್ದು ತಂದವನು, ಪಾಪ ಮೈಮೇಲೆ ಬಟ್ಟೆ ಇರಲಿಲ್ಲ. ಜನ ಗೊಣಗಿದರು. ಸರಕಾರ ಜನರ ಮಾತಿಗೆ ಕಿವಿಗೊಟ್ಟ ಅಪರೂಪದ ಪ್ರಸಂಗ ಅದು. ಅವನಿಗೊಂದು ಬಂಗಾರದ ಬಣ್ಣದ ಚಡ್ಡಿ ಹೊಲಿಸಿ, ಅಲ್ಲ, ಎರಕ ಹೊಯ್ಸಿ ತೊಡಿಸಿದರು.

1963ರ ಭೂಕಂಪದಲ್ಲಿ ಈ ಊರು ನೆಲಸಮವಾಗಿತ್ತು. ಸಾವಿರಕ್ಕೂ ಹೆಚ್ಚು ಜನ ಸತ್ತಿದ್ದರು. ಹಳೆಯ ರೈಲು ನಿಲ್ದಾಣದ ಗಡಿಯಾರ ಇವತ್ತಿಗೂ 5:17ಕ್ಕೇ ನಿಂತಿದೆ. ಆಮೇಲೆ ಜಪಾನಿನ ವಾಸ್ತುಶಿಲ್ಪಿ ಕೆಂಜೊ ತಾಂಗೆ ನಕ್ಷೆ ಹಾಕಿಕೊಟ್ಟು, ಲೋಕವೆಲ್ಲ ಕೈಜೋಡಿಸಿ ಊರು ಮತ್ತೆ ಎದ್ದಿತ್ತು. ಆ ಕಾಂಕ್ರೀಟ್ ಕಟ್ಟಡಗಳ ಎದುರಿಗೆ ಈಗ ಥರ್ಮಾಕೋಲು, ಪ್ಲಾಸ್ಟರು ಮೆತ್ತಿ ಪುರಾತನ ಕಂಬಗಳನ್ನು ಅಂಟಿಸಿದರು. ನಮ್ಮ ಗಣೇಶನ ಪೆಂಡಾಲಿನಲ್ಲೂ ಇಂಥದ್ದೇ ಕಂಬ ಇರುತ್ತವೆ, ಆದ್ರೆ ನಾವು ಹನ್ನೊಂದನೇ ದಿನ ಬಿಚ್ಚಿಬಿಡ್ತೀವಿ.

ಸಮುದ್ರವೇ ಇಲ್ಲದ ದೇಶ ಇದು. ವರ್ದಾರ್ ನದಿಯೋ, ಊರೊಳಗೆ ಕಲ್ಲು ಕಾಣುವಷ್ಟು ನೀರು. ಅದರಲ್ಲಿ ಹಳೇ ಕಾಲದ ಯುದ್ಧನೌಕೆಯ ಆಕಾರದ ಹಡಗುಗಳನ್ನು ಕಾಂಕ್ರೀಟ್ ಕಂಬಗಳ ಮೇಲೆ ಕೂರಿಸಿದರು. ಹೋಟೆಲಂತೆ. ತೇಲುವುದೂ ಇಲ್ಲ, ಮುಳುಗುವುದೂ ಇಲ್ಲ. ಅರ್ಥವ್ಯವಸ್ಥೆಗೆ ಇದಕ್ಕಿಂತ ಸರಿಯಾದ ಸ್ಮಾರಕ ಯಾರು ಕಟ್ಟಿಯಾರು? ಊರೊಳಗೆ ಓಡಾಡಲು ಲಂಡನ್ ಥರದ ಕೆಂಪು ಡಬಲ್ ಡೆಕ್ಕರ್ ಬಸ್ಸು, 200ಕ್ಕೂ ಹೆಚ್ಚು, ತಯಾರಾಗಿದ್ದು ಚೀನಾದಲ್ಲಿ.

ಇಷ್ಟಕ್ಕೂ ಎಲ್ಲರಿಗಿಂತ ದೊಡ್ಡವನು ಚೌಕದ ನಡುವೆ ಇದ್ದಾನೆ. 2011ರಲ್ಲಿ ಇಟಲಿಯಲ್ಲಿ ಎರಕ ಹೊಯ್ಸಿ ತಂದದ್ದು. ಎತ್ತರದ ಕಂಬದ ಮೇಲೆ, ಮುಂಗಾಲು ಎತ್ತಿದ ಕುದುರೆ, ಕೈಯಲ್ಲಿ ಕತ್ತಿ. ಯಾರಿದು ಅಂದ್ರೆ ಅಧಿಕೃತ ಉತ್ತರ: ‘ಕುದುರೆ ಮೇಲಿನ ಯೋಧ’. ಅಷ್ಟೇ. ನಮ್ಮ ಪಂಜಾಬಿನವರೆಗೂ ಬಂದು ವಾಪಸ್ ಹೋದ ಅದೇ ಅಲೆಕ್ಸಾಂಡರ್ ಅಂತ ಊರಿಗೆಲ್ಲ ಗೊತ್ತು, ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ, ಗಂಡನ ಹೆಸರು ಹೇಳದ ನಮ್ಮ ಹಳೇ ಕಾಲದ ಅಜ್ಜಿಯರ ಹಾಗೆ. ಯಾಕಂದ್ರೆ ಪಕ್ಕದ ಗ್ರೀಸ್‌ಗೆ ಸಿಟ್ಟು. ಅಲೆಕ್ಸಾಂಡರೂ ನಮ್ಮವನು, ಮ್ಯಾಸಿಡೋನಿಯಾ ಅನ್ನುವ ಹೆಸರೂ ನಮ್ಮದು ಅನ್ನುತ್ತಾ ಅವರು 2008ರಲ್ಲಿ ನ್ಯಾಟೋ ಸೇನಾಕೂಟದಲ್ಲಿ ಇವರ ಸದಸ್ಯತ್ವಕ್ಕೇ ಅಡ್ಡಗಾಲು ಹಾಕಿದ್ದರು. ಆ ಹೊಟ್ಟೆಯುರಿಗೆ ಎದ್ದು ನಿಂತಿದ್ದೇ ಈ ಕಂಚು.

2016ರಲ್ಲಿ ಜನರೇ ಬೀದಿಗಿಳಿದು ಈ ಬಿಳಿ ಕಟ್ಟಡಗಳಿಗೆಲ್ಲ ಬಣ್ಣ ಎರಚಿದರು. ‘ವರ್ಣರಂಜಿತ ಕ್ರಾಂತಿ’ ಅಂತ ಹೆಸರಾಯಿತು. ನನ್ನ ಪ್ರಕಾರ ಆ ಯೋಜನೆಯಲ್ಲಿ ಕಣ್ಣಿಗೆ ಹಿತವಾಗಿದ್ದ ಕೆಲಸ ಅದೊಂದೇ, ಅದೂ ಟೆಂಡರ್ ಇಲ್ಲದೆ ಆಗಿದ್ದು. ಸರಕಾರ ಬದಲಾಯಿತು. ಗ್ರೀಸ್ ಜೊತೆ ರಾಜಿಯಾಗಿ 2019ರಲ್ಲಿ ಹೆಸರಿಗೆ ‘ಉತ್ತರ’ ಸೇರಿತು. ಈ ಯೋಧ ಗ್ರೀಕ್ ನಾಗರಿಕತೆಗೆ ಸೇರಿದವನು ಅಂತ ಪ್ರತಿಮೆಗೇ ಫಲಕ ಹಾಕಿದರು. ದುಡ್ಡು ಕೊಟ್ಟು ತಂದು, ಹೆಸರಿಡದೆ ಸಾಕಿ, ಕೊನೆಗೆ ಪಕ್ಕದ ಮನೆಯವರ ಮಗ ಅಂತ ಬೋರ್ಡ್ ತೂಗುಹಾಕಿದ ಹಾಗಾಯಿತು.

ಜನಗಣತಿಯಲ್ಲಿ 2002ಕ್ಕೆ 20 ಲಕ್ಷ ದಾಟಿದ್ದ ಜನ 2021ಕ್ಕೆ 18 ಲಕ್ಷ ಚಿಲ್ಲರೆಗೆ ಇಳಿದರು. ಓದಿದ ಹುಡುಗರು ಜರ್ಮನಿ ಕಡೆ ಹೋದರು. ಪ್ರತಿಮೆಗಳು ಮಾತ್ರ ಒಂದೂ ವೀಸಾ ಕೇಳಲಿಲ್ಲ.

ಗ್ರುಯೆವ್‌ಸ್ಕಿ ಅವರಿಗೆ ಮೊದಲು ಶಿಕ್ಷೆ ಆಗಿದ್ದು ಇದಾವುದಕ್ಕೂ ಅಲ್ಲ, ಸರಕಾರಿ ದುಡ್ಡಿನಲ್ಲಿ ಒಂದು ಮರ್ಸಿಡಿಸ್ ಕೊಂಡ ಪ್ರಕರಣದಲ್ಲಿ, ಎರಡು ವರ್ಷ. 2018ರ ನವೆಂಬರಿನಲ್ಲಿ ಜೈಲಿಗೆ ಹೋಗಬೇಕಿದ್ದವರು ಹಂಗೆರಿಯಲ್ಲಿ ಆಶ್ರಯ ಕೇಳುತ್ತಾ ಪ್ರತ್ಯಕ್ಷವಾದರು. ದಾರಿಯಲ್ಲಿ ಅಲ್ಬೇನಿಯಾ ದಾಟಿದ್ದು ಹಂಗೆರಿಯ ರಾಯಭಾರ ಕಚೇರಿಯ ಕಾರಿನಲ್ಲಂತೆ. ಅಷ್ಟು ಹಡಗು ಕಟ್ಟಿಸಿದ್ದರು, ಒಂದನ್ನಾದರೂ ಬಳಸಬಹುದಿತ್ತು, ಅಲ್ವಾ?