ಸಡಿಲ ಮೊಳೆಯ ಅಡಕೊತ್ತು

ನಮ್ಮ ಮನೆಯಲ್ಲಿ ಯಾರೂ ಕವಳ, ಅಂದರೆ ಎಲೆಯಡಿಕೆ, ಹಾಕುವುದಿಲ್ಲ. ಆದರೂ ಪುಣೆಯ ಕೋಥ್ರೂಡಿನ ಈ ಫ್ಲ್ಯಾಟಿನಲ್ಲಿ, ಚಮಚಗಳ ಡ್ರಾಯರಿನೊಳಗೆ ಒಂದು ಅಡಕೊತ್ತು ಮಲಗಿದೆ. ಶಿರಸಿ ಕಡೆಯ ನನ್ನ ಅಜ್ಜಿಯದು. ಮನೆ ಪಾಲಾಗುವಾಗ ತೋಟ ದೊಡ್ಡಪ್ಪನಿಗೆ ಹೋಯಿತು, ತಾಮ್ರದ ಹಂಡೆ ಅತ್ತೆಗೆ ಹೋಯಿತು. ಇದನ್ನು ಯಾರೂ ಕೇಳಲಿಲ್ಲ. ನಾನು ಸುಮ್ನೆ ಚೀಲಕ್ಕೆ ಹಾಕಿಕೊಂಡೆ.

ಈಗ ಅದರಿಂದ ಏನೇನು ಕೆಲಸ ಮಾಡಿಸುತ್ತೇವೆ ಅಂತ ಗೊತ್ತಾದರೆ ಅಜ್ಜಿ ಮುನಿಸಿಕೊಂಡಾಳು. ಅಕ್ರೋಡು ಒಡೆಯುತ್ತೇವೆ. ಹಾಲಿನ ಪ್ಯಾಕೆಟ್ಟಿನ ಮೂಲೆ ಕತ್ತರಿಸುತ್ತೇವೆ. ಮಗಳು ಒಮ್ಮೆ ಪೆನ್ಸಿಲು ಸಿಗಿಸಿ ಎರಡು ತುಂಡು ಮಾಡಿ, ಇನ್ನೊಂದು ಪೆನ್ಸಿಲು ಹುಡುಕಲು ಓಡಿದಳು.

ಅಡಕೆ ಕೊತ್ತುವುದು, ಹಾಗಾಗಿ ಅಡಕೊತ್ತು. ಇಲ್ಲಿಯವರು ಇದನ್ನೇ ಅಡಕಿತ್ತಾ ಅನ್ನುತ್ತಾರೆ. ತಮಾಷೆ ಏನೆಂದರೆ, ಅಡಕೆಗೆ ಮಾತ್ರ ಅವರದು ಸುಪಾರಿ. ಕತ್ತರಿಸುವುದು ನಮ್ಮ ಕಡೆಯ ಹೆಸರು, ಕತ್ತರಿಸಿಕೊಳ್ಳುವುದು ಬೇರೆ ಕಡೆಯದು! ಈ ಊರಿಗೆ ಬಂದ ಹೊಸತರಲ್ಲಿ, ಮರಾಠಿ ಬಾರದೆ ಒದ್ದಾಡುತ್ತಿದ್ದಾಗ, ಅಂಗಡಿಯಲ್ಲಿ ಯಾರೋ ತುಪ್ಪಕ್ಕೆ 'ತೂಪ' ಅಂದದ್ದು ಕೇಳಿ ಸಂತೆಯಲ್ಲಿ ನೆಂಟರು ಸಿಕ್ಕಷ್ಟು ಖುಷಿಯಾಗಿತ್ತು. ಅಡಕಿತ್ತಾ ಕೇಳಿದಾಗಲೂ ಅಷ್ಟೇ.

ಇನ್ನು ಆ ಸುಪಾರಿಯ ಪಾಡು ನೋಡಿ. ಮರಾಠಿಯಲ್ಲಿ ಸುಪಾರಿ ಒಡೆಯಿತು ಅಂದರೆ ಮದುವೆ ಗಟ್ಟಿಯಾಯಿತು ಅಂತ. ಅದೇ ಪೇಪರಿನ ಇನ್ನೊಂದು ಪುಟದಲ್ಲಿ ಸುಪಾರಿ ಕೊಟ್ಟರು ಅಂದರೆ ಕೊಲೆ ಮಾಡಿಸಿದರು ಅಂತ. ನಾವೇನು ಕಮ್ಮಿಯಲ್ಲ. ಮದುವೆಗೂ ವೀಳ್ಯ, ಯುದ್ಧಕ್ಕೂ ರಣವೀಳ್ಯ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತ ಗಾದೆ ಬೇರೆ ಕಟ್ಟಿದ್ದೇವೆ. ಪಾಪ, ಇಷ್ಟುದ್ದದ ಕಾಯಿ, ಎಷ್ಟು ಹೊರೆ ಹೊರಬೇಕು!

ಬಾಜೀರಾವ್ ರಸ್ತೆಯ ಬಳಿ ರಾಜಾ ದಿನಕರ ಕೇಳಕರ ವಸ್ತುಸಂಗ್ರಹಾಲಯವಿದೆ. ಊರಿಂದ ನೆಂಟರು ಬಂದಾಗಲೆಲ್ಲ ಕರೆದುಕೊಂಡು ಹೋಗುತ್ತೇನೆ. ಅವರಿಗೆ ಮಸ್ತಾನಿಯ ಮಹಲು ನೋಡುವ ಆಸೆ, ನನಗೆ ಅಡಕೊತ್ತುಗಳ ಆಸೆ. ದಿನಕರ ಕೇಳಕರರ ಮನೆಯ ಕಸುಬು ಕನ್ನಡಕದ ವ್ಯಾಪಾರ. ಜೊತೆಗೆ 'ಅಜ್ಞಾತವಾಸಿ' ಅಂತ ಹೆಸರಿಟ್ಟುಕೊಂಡು ಕವಿತೆ ಬರೆಯುತ್ತಿದ್ದರು. 1920ರ ಸುಮಾರಿಗೆ ಹಳೆಯ ಸಾಮಾನು ಕೂಡಿಸಲು ಶುರು ಮಾಡಿದವರು 1990ರಲ್ಲಿ ತೀರಿಕೊಳ್ಳುವವರೆಗೂ ಆ ಹುಚ್ಚು ಬಿಡಲಿಲ್ಲ. ದೀಪ, ಬೀಗ, ಬಾಚಣಿಗೆ, ಕಾಲುಜ್ಜುವ ಹಿತ್ತಾಳೆಯ ವಜ್ರಿ, ಹೀಗೆ 20,000ಕ್ಕೂ ಜಾಸ್ತಿ. 1975ರಲ್ಲಿ ಎಲ್ಲವನ್ನೂ ಸರ್ಕಾರಕ್ಕೆ ಕೊಟ್ಟುಬಿಟ್ಟರು. ಹೆಸರಿನಲ್ಲಿರುವ 'ರಾಜಾ' ಪದವಿಯಲ್ಲ, ಚಿಕ್ಕ ವಯಸ್ಸಿನಲ್ಲೇ ತೀರಿಹೋದ ಅವರ ಮಗನ ಹೆಸರು. ಇದು ಗೊತ್ತಾದ ಮೇಲೆ ಆ ಬಾಚಣಿಗೆಗಳನ್ನು ಮೊದಲಿನ ಹಾಗೆ ನೋಡಲು ನನ್ನಿಂದ ಆಗಿಲ್ಲ.

ಅಲ್ಲಿನ ಅಡಕೊತ್ತುಗಳದ್ದು ಬೇರೆಯೇ ದರ್ಬಾರು. ನವಿಲು, ಗಿಳಿ, ಕುದುರೆ, ಹೆಣ್ಣು ಗಂಡಿನ ಜೋಡಿ. ಅವುಗಳ ಮುಂದೆ ನಮ್ಮದು ಬರೀ ಕಬ್ಬಿಣದ ಕೂಲಿಯಾಳು. ಆದರೆ ಗಾಜಿನ ಹಿಂದೆ ಎಲ್ಲವೂ ಬಾಯಿ ಮುಚ್ಚಿಕೊಂಡಿವೆ. ಅಡಕೊತ್ತು ಅಂದರೆ ನನಗೆ ಮೊದಲು ಸದ್ದು, ಆಮೇಲೆ ರೂಪ.

ಅಜ್ಜಿಯದರ ಮೊಳೆ ಸಡಿಲವಾಗಿತ್ತು. ಹಾಗಾಗಿ 'ಕಟ್' ಅನ್ನದೆ 'ಕಟಕ್' ಅನ್ನುತ್ತಿತ್ತು. ಜಗಲಿಯಲ್ಲಿ ಕವಳದ ಸಂಚಿ ಬಿಚ್ಚಿ ಕೂತಳೆಂದರೆ ಒಳಗಿದ್ದವರಿಗೆ ಅವಳ ಮನಸ್ಸು ತಿಳಿಯುತ್ತಿತ್ತು. ಬಿಡಿಬಿಡಿಯಾಗಿ ಕಟಕ್... ಕಟಕ್... ಅಂದರೆ ಏನೋ ಲೆಕ್ಕ ಹಾಕುತ್ತಿದ್ದಾಳೆ. ಬಿಡದೆ ಕಟಕಟಕ ಅಂದರೆ ಅಜ್ಜನ ಮೇಲೆ ಸಿಟ್ಟು, ಅವತ್ತು ಅಜ್ಜನಿಗೆ ಹೋಳು ಸಣ್ಣ. ಸದ್ದೇ ಇಲ್ಲದಿದ್ದರೆ ಯಾರಿಗೋ ಹುಷಾರಿಲ್ಲ. "ಕವಳ ಹಾಕ್ದೆ ಮಾತೇ ಬತ್ತಿಲ್ಲೆ ಮಾರಾಯಾ" ಅನ್ನುತ್ತಿದ್ದಳು. ನಿಜ ಹೇಳಬೇಕೆಂದರೆ ಕವಳ ಬಾಯಿಗೆ ಬೀಳುವ ಮೊದಲೇ ಅವಳ ಅರ್ಧ ಮಾತು ಮುಗಿದಿರುತ್ತಿತ್ತು. ಅಕ್ರೋಡು ಒಡೆಯುವಾಗ ನಾನು ಮೆಲ್ಲಗೆ ಒತ್ತುವುದು ಆ ಸದ್ದಿಗಾಗಿಯೇ. ಹೆಂಡತಿಗೆ ಇದನ್ನು ಹೇಳಿಲ್ಲ.

ಹೋದ ತಿಂಗಳು ಮೇಲಿನ ಮನೆಯ ಆಜಿ ಬಾಗಿಲು ಬಡಿದರು. ಮೊಮ್ಮಗಳಿಗೆ ಗಂಡು ಗೊತ್ತಾಗಿದೆ, ಸುಪಾರಿ ಒಡೆಯುವ ಶಾಸ್ತ್ರಕ್ಕೆ ಅಡಕಿತ್ತಾ ಬೇಕು, ಇಡೀ ಸೊಸೈಟಿಯಲ್ಲಿ ಯಾರ ಹತ್ತಿರವೂ ಇಲ್ಲವಂತೆ. ನನಗೆ ಹೆಮ್ಮೆಯಾಯಿತು. ಅಕ್ರೋಡಿನ ಚೂರು ಒರೆಸಿ ಕೊಟ್ಟೆ. ಒಂದು ವಾರ ಕಳೆಯಿತು, ವಾಪಸು ಬರಲಿಲ್ಲ. ಮೆಟ್ಟಿಲಲ್ಲಿ ಎರಡು ಸಲ ಎದುರಾದರು, ನಾನು ಎರಡು ಸಲವೂ ಮದುವೆಯ ಬಗ್ಗೆ ವಿಚಾರಿಸಿದೆ. ಅವರಿಗೆ ನನ್ನ ಸೂಚನೆ ಅರ್ಥವಾಗಲಿಲ್ಲ.

ಹತ್ತನೇ ದಿನ ಬಂತು. ತುಕ್ಕು ಉಜ್ಜಿಸಿ, ಎಣ್ಣೆ ಹಚ್ಚಿ, ಹೊಸ ಕರವಸ್ತ್ರದಲ್ಲಿ ಸುತ್ತಿ, ಜೊತೆಗೊಂದು ಡಬ್ಬಿ ಲಾಡು ಇಟ್ಟು ಆಜಿ ತಾವೇ ತಂದರು. "ಮೊಳೆ ಪೂರ್ತಿ ಸಡಿಲ ಆಗಿತ್ತು. ಮಗ ಗಟ್ಟಿ ಮಾಡಿಸಿಕೊಂಡು ಬಂದ" ಅಂದರು ಮರಾಠಿಯಲ್ಲಿ.

ತುಂಬಾ ಉಪಕಾರವಾಯಿತು ಅಂದೆ. ಅವರು ಹೋದ ಮೇಲೆ ಒಂದು ಅಕ್ರೋಡು ಇಟ್ಟು ಒತ್ತಿದೆ. ಕಟ್.

ಮತ್ತೊಂದು ಇಟ್ಟೆ. ಕಟ್. ಲಾಡು ಮಾತ್ರ ಬಹಳ ಚೆನ್ನಾಗಿತ್ತು.