ಹಿಲ್ ಎಂಡ್‌ನ ‘ಚಿನ್ನದ ಗಟ್ಟಿ’: ಒಂದು ಸ್ಪಷ್ಟನೆ

ಆಳೆತ್ತರದ ಬಂಡೆಗೆ ಕೈಯೂರಿ ನಿಂತ ಗಡ್ಡಧಾರಿಯ ಹಳೆಯ ಚಿತ್ರವೊಂದು ‘ಜಗತ್ತಿನ ಅತಿದೊಡ್ಡ ಚಿನ್ನದ ಗಟ್ಟಿ’ ಎಂಬ ಶೀರ್ಷಿಕೆಯೊಂದಿಗೆ ಮತ್ತೆ ಮತ್ತೆ ಹರಿದಾಡುತ್ತಿದೆ. ಅದರಲ್ಲಿ ಎರಡು ತಪ್ಪುಗಳಿವೆ.

ಚಿತ್ರದಲ್ಲಿರುವವರು ಗಣಿಯ ಪಾಲುದಾರ ಬರ್ನ್‌ಹಾರ್ಡ್ ಹೋಲ್ಟರ್‌ಮನ್. ಆ ಬಂಡೆ 1872ರ ಅಕ್ಟೋಬರ್‌ನಲ್ಲಿ ಆಸ್ಟ್ರೇಲಿಯಾದ ನ್ಯೂ ಸೌತ್ ವೇಲ್ಸ್‌ನ ಹಿಲ್ ಎಂಡ್ ಎಂಬ ಹಳ್ಳಿಯ ಗಣಿಯಲ್ಲಿ ಸಿಕ್ಕಿದ್ದು ನಿಜ. ಆದರೆ ಅದು ಚಿನ್ನದ ಗಟ್ಟಿ, ಅಂದರೆ ನಿಸರ್ಗದಲ್ಲಿ ಬಹುಪಾಲು ಚಿನ್ನವಾಗಿಯೇ ಸಿಗುವ ಉಂಡೆ, ಅಲ್ಲ. ಚಿನ್ನ ಹೆಣೆದುಕೊಂಡಿದ್ದ ಬೆಣಚುಕಲ್ಲಿನ ತುಂಡು. ಸುಮಾರು 286 ಕಿಲೋ ತೂಕದಲ್ಲಿ ಚಿನ್ನದ ಪಾಲು 93 ಕಿಲೋದಷ್ಟು. ಅತಿದೊಡ್ಡ ಗಟ್ಟಿಯೆಂಬ ಹೆಸರು 1869ರಲ್ಲಿ ವಿಕ್ಟೋರಿಯಾದ ಮೊಲಿಯಾಗುಲ್‌ನಲ್ಲಿ ದೊರೆತ ‘ವೆಲ್ಕಮ್ ಸ್ಟ್ರೇಂಜರ್’ಗೆ ಸಲ್ಲುತ್ತದೆ. ಅದರಲ್ಲಿದ್ದ ಚಿನ್ನ ಇದಕ್ಕಿಂತ ಕಡಿಮೆ ಎಂಬುದು ಬೇರೆ ಮಾತು.

ಇನ್ನು ಚಿತ್ರ. ಹೋಲ್ಟರ್‌ಮನ್ ಬಂಡೆಯ ಪಕ್ಕದಲ್ಲಿ ಹಾಗೆ ನಿಂತು ತೆಗೆಸಿಕೊಂಡದ್ದಲ್ಲ. ಬೇರೆ ಬೇರೆ ಛಾಯಾಚಿತ್ರಗಳನ್ನು ಜೋಡಿಸಿ ಮಾಡಿದ್ದು. ಕಂಪ್ಯೂಟರ್ ಇಲ್ಲದ ಕಾಲದ ಕೈಚಳಕ! ಬಂಡೆಯನ್ನು ಆಗಲೇ ಪುಡಿಮಾಡಿ ಚಿನ್ನ ತೆಗೆದರು.

ಹಾಗೆಂದು ಆ ಊರಿನ ಎಲ್ಲ ಹಳೆಯ ಚಿತ್ರಗಳನ್ನೂ ಅನುಮಾನಿಸಬೇಕಿಲ್ಲ. ಛಾಯಾಗ್ರಾಹಕರಾದ ಬ್ಯೂಫಾಯ್ ಮರ್ಲಿನ್ ಮತ್ತು ಚಾರ್ಲ್ಸ್ ಬೇಲಿಸ್ ಅಲ್ಲಿನ ಅಂಗಡಿ, ಗುಡಿಸಲು, ಜನರನ್ನು ಸೆರೆಹಿಡಿದ ಗಾಜಿನ ನೆಗೆಟಿವ್‌ಗಳು 1951ರಲ್ಲಿ ಸಿಡ್ನಿಯ ಚ್ಯಾಟ್ಸ್‌ವುಡ್‌ನ ಹಿತ್ತಿಲ ಕೊಠಡಿಯೊಂದರಲ್ಲಿ ಪತ್ತೆಯಾದವು. ಈಗ ಅವು ನ್ಯೂ ಸೌತ್ ವೇಲ್ಸ್ ರಾಜ್ಯ ಗ್ರಂಥಾಲಯದಲ್ಲಿವೆ.